ಓದಿಸದ ಸಕ್ಕರೆ

ಈ ವರ್ಷ ಫಕೀರನಾಗುವುದಿಲ್ಲ ಅಂತ ಹನುಮೇಶ ಹೇಳಿದ್ದು ಊಟಕ್ಕೆ ಕುಳಿತಾಗ, ಅದೂ ರೊಟ್ಟಿ ಮುರಿದು ಬಾಯಿಗಿಡುವ ಮೊದಲು. ಮೊಹರಮ್ಮಿನ ಚಂದ್ರ ಕಾಣಲು ಮೂರು ದಿನ ಉಳಿದಿತ್ತು. ಅವನ ಆಯಿ ಕರೆಮ್ಮ ಆಗಲೇ ಟ್ರಂಕಿನಿಂದ ಫಕೀರರು ಕೊರಳಿಗೆ ಹಾಕುವ ಕೆಂಪು ಲಾಡಿ ತೆಗೆದು, ಕೊಡವಿ, ಮೊಮ್ಮಗನ ತಟ್ಟೆಯ ಪಕ್ಕ ಇಟ್ಟಿದ್ದಳು.

"ಇದನ್ನ ಒಳಗಿಡು ಆಯಿ. ನಾ ಹಾಕ್ಕೊಳ್ಳಾಂಗಿಲ್ಲ."

"ಯಾಕಪಾ, ಬಣ್ಣ ಹೋಗ್ಯಾದೇನು? ಹೊಸಾದು ತರಸ್ತೀನಿ ಬಿಡು."

"ಬಣ್ಣದ ಮಾತಲ್ಲ. ಫಕೀರ ಆಗೋದ ಬ್ಯಾಡ ನನಗ."

ಒಲೆಯ ಮುಂದಿದ್ದ ತಾಯಿ ರೇಣುಕಮ್ಮನ ಕೈ ಹಂಚಿನ ಮೇಲೇ ನಿಂತಿತು. ಖಾನಾವಳಿಗೆ ದಿನಾ ಬುಟ್ಟಿಗಟ್ಟಲೆ ರೊಟ್ಟಿ ಬಡಿದುಕೊಡುವ ಹೆಂಗಸು ಅವಳು, ಒಂದು ರೊಟ್ಟಿ ಸೀಯಲು ಬಿಟ್ಟವಳಲ್ಲ. ಆವತ್ತು ರೊಟ್ಟಿ ಕರಕಾಗಿ ಹೊಗೆ ಎದ್ದಮೇಲೆ ಅವಳಿಗೆ ಎಚ್ಚರವಾಯಿತು.

ಅಂಜಿಕೆಗೆ ಕಾರಣ ಇತ್ತು. ರೇಣುಕಮ್ಮನ ಮೊದಲ ಎರಡು ಕೂಸುಗಳು ಹುಟ್ಟಿದ ವಾರದೊಳಗೇ ಹೋಗಿದ್ದವು. ಮೂರನೆಯದು ಹೊಟ್ಟೆಯಲ್ಲಿದ್ದಾಗ ಅತ್ತೆ ಕರೆಮ್ಮ, ದೇವದುರ್ಗದ ಕಡೆಯ ತಮ್ಮ ಹಳ್ಳಿಯಲ್ಲಿ, ಮೊಹರಮ್ಮಿನಲ್ಲಿ ಕೂರಿಸುವ ಪೀರನ ಪಂಜಾದ, ಅಂದರೆ ಅಲಾಯಿ ದೇವರ, ಮುಂದೆ ಒದ್ದೆ ಸೀರೆಯಲ್ಲಿ ನಿಂತು ಹರಕೆ ಹೊತ್ತಿದ್ದಳು: ಈ ಕೂಸು ಉಳಿದರೆ ಮದುವೆಯಾಗುವತನಕ ವರ್ಷಾ ನಿನ್ನ ಫಕೀರ. ಉಳಿದವನೇ ಹನುಮೇಶ. ಕುರುಬರ ಮನೆಯ ಹುಡುಗ, ಹನುಮಪ್ಪನ ಹೆಸರು, ಪೀರನ ಫಕೀರ! ಈ ಸೀಮೆಯಲ್ಲಿ ಅದನ್ನು ಕಂಡು ಹುಬ್ಬೇರಿಸುವವರು ಯಾರೂ ಇರಲಿಲ್ಲ. ಹತ್ತು ದಿನ ಕೊರಳಲ್ಲಿ ಲಾಡಿ, ಬರಿಗಾಲು, ಐದು ಮನೆಯ ಭಿಕ್ಷೆ; ಕೊನೆಗೆ ಸಕ್ಕರೆ ಓದಿಸುವುದು, ಅಂದರೆ ಸಕ್ಕರೆಯನ್ನು ದೇವರ ಮುಂದಿಟ್ಟು ಪೀರನ ಪೂಜಾರಿಯಾದ ಮುಜಾವರನ ಬಾಯಲ್ಲಿ ಫಾತೆಹಾ ಪ್ರಾರ್ಥನೆ ಹೇಳಿಸಿ ಮನೆಮಂದಿಗೆಲ್ಲ ಹಂಚುವುದು. ಇಪ್ಪತ್ಮೂರು ವರ್ಷ ಒಮ್ಮೆಯೂ ತಪ್ಪಿರಲಿಲ್ಲ. ಸಂಸಾರ ರಾಯಚೂರಿಗೆ ಬಂದಮೇಲೂ ಆ ಹತ್ತು ದಿನಕ್ಕೆ ಹುಡುಗ ಹಳ್ಳಿಗೆ ಹೋಗುತ್ತಿದ್ದ.

"ಹರಕಿ ಹೊತ್ತಾಕಿ ನಾನು. ತೀರಸಾಂವ ನೀನು. ನಡಬರಕ ಬಿಟ್ರ ಹ್ಯಾಂಗಲೇ?" ಕರೆಮ್ಮನ ದನಿ ಏರಿತು.

"ನನ್ನ ಕೇಳಿ ಹೊತ್ತಿದ್ದೇನು? ಆಯಿ, ಆ ಧರ್ಮ ಈ ನಾಡಿಗೆ ಹ್ಯಾಂಗ ಬಂತು ಗೊತ್ತದೇನು ನಿನಗ? ಖಡ್ಗ ಹಿಡ್ಕೊಂಡು ಬಂತು. ಗುಡಿ ಕೆಡವಿದ್ರು, ತೆರಿಗಿ ಹಾಕಿದ್ರು, ಅಂಜಿಸಿ ಅಂಜಿಸಿ ಮಂದೀನ ತಿರುಗಿಸಿದ್ರು. ಅದಕ್ಕ ನಾವು ಇನ್ನೂ ಅಡ್ಡಬೀಳಾಕತ್ತೀವಿ."

"ನಮ್ಮ ಹಟ್ಟಿಗಿ ಯಾರು ಬಂದಿದ್ರಲೇ ಖಡ್ಗ ತಗೊಂಡು? ನಮ್ಮೂರಾಗ ಒಂದ ಸಾಬರ ಮನಿ ಇಲ್ಲ. ದೇವ್ರು ಹೊರೋರು ಕುರುಬರು, ಅಲಾಯಿ ಕುಣಿ ತೋಡಿ ಬೆಂಕಿ ಹಾಕೋರು ನಾಯಕರ ಮಂದಿ. ಫಾತೆಹಾ ಹೇಳಾಕ ಒಬ್ಬ ಮುದುಕನ್ನ ಬ್ಯಾರೆ ಊರಿಂದ ಕರಸ್ತೀವಿ."

"ಅದನ್ನ ನಾ ಹೇಳಾಕತ್ತಿದ್ದು. ಅಂಜಿಕಿ ರಕ್ತದಾಗ ಇಳದದ. ಯಾಕ ಮಾಡ್ತೀವಿ ಅಂತ ಕೇಳೋರ ಇಲ್ಲ."

"ಅಂಜಿಕಿ! ಹೌದಲೇ, ಅಂಜಿಕಿನ!" ಮುದುಕಿ ತಟ್ಟೆ ಸರಿಸಿದಳು. "ನಿಮ್ಮಪ್ಪನ ಎರಡು ಕೂಸು ಈ ಕೈಯಾಗ ಮಣ್ಣಿಗಿಟ್ಟೀನಿ. ಅಂಜಿಕಿ ಬರದ ನಗಿ ಬರ್ತದೇನು?"

ಅಪ್ಪ ಪರಮಣ್ಣ ಅಕ್ಕಿ ಗಿರಣಿಯಲ್ಲಿ ಚೀಲ ಹೊರುವವನು. ಮನೆಯಲ್ಲಿ ಮಾತಿನ ಭಾರ ಹೊರುವ ಅಭ್ಯಾಸ ಅವನಿಗಿರಲಿಲ್ಲ. "ಉಣ್ಣೋ ಹೊತ್ತಿನ್ಯಾಗ ಯಾಕ ಜಗಳ," ಅಂದು ಪುಂಡಿಪಲ್ಯ ಹಾಕಿಸಿಕೊಂಡ. ಗೋಡೆಗೆ ಒರಗಿ ಕುಳಿತಿದ್ದ ಮಗಳು ಭಾಗ್ಯಜ್ಯೋತಿ ಮಾತ್ರ ಉಣ್ಣಲಿಲ್ಲ. ಎಂಟು ತಿಂಗಳ ಬಸುರಿ ಅವಳು, ಮಾನ್ವಿಯ ಗಂಡನ ಮನೆಯಿಂದ ಹೆರಿಗೆಗೆ ಬಂದಿದ್ದಳು. ಹೋದ ವರ್ಷ ಏಳನೆಯ ತಿಂಗಳಲ್ಲಿ ಒಂದು ಹೋಗಿತ್ತು. ಅವಳ ಎರಡೂ ಕೈ ಹೊಟ್ಟೆಯ ಮೇಲಿದ್ದವು, ಕಣ್ಣು ಕೆಂಪು ಲಾಡಿಯ ಮೇಲಿತ್ತು.

"ಅಣ್ಣಾ, ನಂದೊಂದು ಆಗೋತನಕರ ತಡೀಬಾರದೇನೋ?" ಅಂದಳು.

ಹನುಮೇಶ ತಂಗಿಯ ಮುಖ ನೋಡಲಿಲ್ಲ. ಕೈ ತೊಳೆದು ಹೊರಗೆ ಹೋದ.

ಇವನು ಮೊದಲಿನಿಂದ ಹೀಗಿದ್ದವನಲ್ಲ. ಬೆಳಿಗ್ಗೆ ಮೊಬೈಲ್ ಅಂಗಡಿಯ ಕೆಲಸ, ಮಧ್ಯಾಹ್ನ ಪೊಲೀಸ್ ಪರೀಕ್ಷೆಯ ಕೋಚಿಂಗು. ಆರು ತಿಂಗಳಿಂದ ಕಿವಿಯಲ್ಲಿ ಸದಾ ಭಾಷಣ, ಸಂಜೆಯಾದರೆ ಮನೆಮುಂದೆ ಗೆಳೆಯರ ಬೈಕು. ಕೋಚಿಂಗಿನಲ್ಲಿ ಇತಿಹಾಸ ಹೇಳುವ ಅನುರಾಧಾ ಮೇಡಂ ಮೇಲೂ ಅವನಿಗೆ ಸಿಟ್ಟು. "ಖಡ್ಗದಿಂದ ಬಂತೋ ಸಂತರಿಂದ ಬಂತೋ ಒಂದು ಹೇಳ್ರಿ ಮೇಡಂ ಅಂದ್ರ, ವ್ಯಾಪಾರದಿಂದನೂ ಬಂತು, ಯುದ್ಧದಿಂದನೂ ಬಂತು, ಜಾತಿ ಕಾಟಕ್ಕ ಬ್ಯಾಸತ್ತೂ ಹೋದ್ರು, ಊರೂರಿಗಿ ಒಂದೊಂದು ಕಥಿ ಅದ ಅಂತಾರ. ಪರೀಕ್ಷಾದಾಗ ಊರೂರಿಗಿ ಒಂದೊಂದು ಉತ್ತರ ಬರೀಲಿಕ್ಕಾಗ್ತದೇನು?" ಅಂತ ತಾಯಿಯ ಮುಂದೆ ಸಿಡಿದಿದ್ದ. ರೇಣುಕಮ್ಮ ಹಿಟ್ಟು ನಾದುತ್ತಾ ಹೂಂಗುಟ್ಟಿದ್ದಳು. ಮಗ ಓದಿದವನು. ಏನೋ ಇರಬೇಕು ಅಂದುಕೊಂಡಿದ್ದಳು.

ಚಂದ್ರ ಕಂಡಿತು. ಲಾಡಿ ಟ್ರಂಕು ಸೇರಿತು. ಮೂರನೆಯ ದಿನ ಭಾಗ್ಯಜ್ಯೋತಿಯ ಕಾಲು ಬಾತವು, ತಲೆ ಸುತ್ತಿತು. ಡಾಕ್ಟರಮ್ಮ ಬಿ.ಪಿ. ಅಂದರು, ಗುಳಿಗೆ ಕೊಟ್ಟರು. ಕರೆಮ್ಮ ಗುಳಿಗೆಯ ಮಾತು ಕೇಳಿಸಿಕೊಳ್ಳಲೇ ಇಲ್ಲ.

"ಶುರು ಆತು ನೋಡು," ಅಂದಳು ಸೊಸೆಗೆ, ಪಿಸುಮಾತಿನಲ್ಲಿ. "ನನ್ನ ಕಾಲು ನಡಿಯಾಂಗಿಲ್ಲ. ನೀನರ ಹೋಗವ್ವಾ. ಫಕೀರಕಿ ಹೋಗ್ಲಿ, ಒಂಬತ್ತನೇ ದಿನ ಈ ಓಣಿ ಅಲಾಯಿ ಚಾವಡಿಗಿ ಹೋಗಿ ಸಕ್ರಿ ಓದಿಸ್ಕೊಂಡು ಬಾ. ತಪ್ಪಾತು ಅಂತ ಬೇಡ್ಕೊ. ಅವನಿಗಿ ಹೇಳಬ್ಯಾಡ."

ರೇಣುಕಮ್ಮ ತಲೆಯಾಡಿಸಿದಳು. ಮರುದಿನ ನಳದ ಹತ್ತಿರ ಗುಲ್ಶನ್ ಬೇಗಂ ಸಿಕ್ಕಳು. ಗೋಡೆ ಬಡಿದರೆ ಕೇಳುವಷ್ಟು ಹತ್ತಿರದ ಮನೆ. ತೀರಿಹೋದ ಗಂಡ ಅದೇ ಚಾವಡಿಯ ಮುಜಾವರನಾಗಿದ್ದ. ಈಗ ಮೈದುನ ಮಾಡುತ್ತಿದ್ದ.

"ಬರ್ತೀನಿ ಗುಲ್ಶನಮ್ಮ, ಒಂಬತ್ತನೇ ದಿನ, ಸಕ್ರಿ ಓದಿಸಾಕ. ಯಾರಿಗೂ ಹೇಳಬ್ಯಾಡ್ರಿ."

"ನಾ ಯಾರಿಗಿ ಹೇಳ್ಲವ್ವಾ? ನನ್ನ ಮಗಾನ ಮನ್ಯಾಗ ಕುಂತು ಬೈಯಾಕತ್ತಾನ. ಹೈದರಾಬಾದ್‌ದಾಗ ಎರಡು ವರ್ಷ ಇದ್ದು ಬಂದಾನಲ್ಲ. ಪೀರ್, ಪಂಜಾ, ಇದೆಲ್ಲ ನಮ್ಮ ದೀನ-ಧರ್ಮದಾಗ ಇಲ್ಲ ಅಮ್ಮಿ, ಗುನ್ಹಾ, ಪಾಪ ಅಂತಾನ. ನಿಮ್ಮಾಂವ ಹೋಗಬ್ಯಾಡ ಅಂತಾನ, ನಮ್ಮಾಂವ ಕರೀಬ್ಯಾಡ ಅಂತಾನ. ನಡುವ ಪೀರ ಒಬ್ನ ಕುಂತಾನ ನೋಡು."

ಇಬ್ಬರಿಗೂ ನಗು ಬಂತು, ನಿಲ್ಲಲಿಲ್ಲ.

"ಖರೇನ ಖಡ್ಗದಿಂದ ಬಂತೇನ್ರೀ ನಿಮ್ಮ ಧರ್ಮ?" ರೇಣುಕಮ್ಮ ಕೇಳಿಯೇಬಿಟ್ಟಳು. ಕೇಳಿದಮೇಲೆ ನಾಲಿಗೆ ಕಚ್ಚಿಕೊಂಡಳು.

ಗುಲ್ಶನ್ ಬೇಗಂ ಕೊಡ ತಿರುಗಿಸಿಟ್ಟಳು. "ಯಾರಿಗಿ ಗೊತ್ತವ್ವಾ! ನಮ್ಮ ಅಜ್ಜಿ ವರ್ಷಕ್ಕೊಮ್ಮಿ ನೀರಮಾನ್ವಿ ಎಲ್ಲಮ್ಮಗ ಹಸುರು ಕುಬಸ ಕಳಸ್ತಿದ್ದಳು. ನಮ್ಮ ಮನಿ ಹಳೀ ನಡಾವಳಿ ಅಂತಿದ್ದಳು. ಅಂದ್ರ ಹಿಂದ ನಾವು ಯಾರೋ, ಏನೋ. ಯಾಕ ಬದಲಾದ್ರು ಅಂತ ಆಕೀ ಹೇಳ್ಲಿಲ್ಲ, ನಾ ಕೇಳ್ಲಿಲ್ಲ. ಹೊಡದು ಮಾಡಿದ್ರೋ, ಹಸದಾಗ ಅನ್ನ ಹಾಕಿ ಮಾಡಿದ್ರೋ. ನಮಾಜ ಕಲಿಸಿದ್ರು, ಮಾಡ್ತೀನಿ. ಅಲ್ಲಾಹ ಒಬ್ನೇ ಅಂತ ನಂಬೀನಿ. ಆದ್ರ ಮಗ ಹಂಗ ಗದರಿಸಿದಾಗ, ಇಷ್ಟು ವರ್ಷ ನಾ ಮಾಡಿದ್ದು ಯಾರಿಗಿ ಮುಟ್ಟಿತು ಅಂತ ಎದಿ ಝಲ್ ಅಂತದ."

ನೀರು ಬಂತು. ಮಾತು ಅಲ್ಲಿಗೆ ನಿಂತಿತು.

ಆರನೆಯ ದಿನ ಓಣಿಯ ಮಂದಿಯ ಮೊಬೈಲಿನಲ್ಲೆಲ್ಲ ಒಂದು ವಿಡಿಯೊ ಓಡಾಡಿತು. ಚಾವಡಿಯಲ್ಲಿ ಸಕ್ಕರೆ ಓದಿಸಲು ನಿಂತ ಹೆಂಗಸರ ಸಾಲು. ಮೇಲೆ 'ನಮ್ಮ ಹೆಣ್ಮಕ್ಕಳು ಎಲ್ಲಿ ನಿಂತಾರ ನೋಡ್ರಿ' ಎಂಬ ಬರಹ. ಸಾಲಿನ ಮುಂದೆ ಇದ್ದವಳು ತರಕಾರಿ ಮಾರುವ ಬಸ್ಸಮ್ಮ. ಮುಖ ನಿಚ್ಚಳವಾಗಿ ಕಾಣುತ್ತಿತ್ತು.

ಆವತ್ತು ಸಂಜೆ ರೇಣುಕಮ್ಮ ಪುಂಡಿಸೊಪ್ಪಿಗೆ ಅಂತ ಹೋದರೆ, ಬಸ್ಸಮ್ಮನ ಬಂಡಿಯ ಸುತ್ತ ಐದಾರು ಹುಡುಗರು. ಹೊಡೆಯಲಿಲ್ಲ, ಬಡಿಯಲಿಲ್ಲ. ಒಬ್ಬ ಟೊಮೇಟೊ ಎತ್ತಿ ನೋಡುತ್ತಾ ನಗುನಗುತ್ತಲೇ ಕೇಳಿದ: "ನಿನ್ನ ಮನಿದೇವ್ರು ಯಾವುದು ಬೇ? ಹೇಳು ಮತ್ತ. ಮರತೀಯೇನು?"

"ಎಲ್ಲಮ್ಮರೀ, ಯಪ್ಪಾ," ಅಂದಳು ಬಸ್ಸಮ್ಮ. ಕೈಯಲ್ಲಿ ಹಿಡಿದ ತಕ್ಕಡಿ ನಡುಗುತ್ತಿತ್ತು. ಅರವತ್ತರ ಹೆಂಗಸು ಮೊಮ್ಮಕ್ಕಳ ವಯಸ್ಸಿನವರಿಗೆ ಯಪ್ಪಾ ಅನ್ನುತ್ತಿದ್ದಳು. ಮತ್ತೊಬ್ಬ ಮೊಬೈಲ್ ಎತ್ತಿ ಹಿಡಿದಿದ್ದ. ಎಲ್ಲರ ಹಿಂದೆ, ತಲೆ ತಗ್ಗಿಸಿ, ಕಿಸೆಯಲ್ಲಿ ಕೈಯಿಟ್ಟುಕೊಂಡು ನಿಂತಿದ್ದವನು ಹನುಮೇಶ.

ರೇಣುಕಮ್ಮ ಹೆತ್ತ ಮಗನಿಗೆ ಅಂಜಿ ಬಾಳೆಹಣ್ಣಿನ ಬಂಡಿಯ ಹಿಂದೆ ಅಡಗಿದಳು. ಇಂಥ ಕಾಲವೂ ಬಂತಲ್ಲ ಶಿವನೇ! ಸೊಪ್ಪಿಲ್ಲದೆ ಮನೆಗೆ ಬಂದು ರೊಟ್ಟಿಗೆ ಬರೀ ಹಿಂಡಿ ಚಟ್ನಿ, ಮೊಸರು ಬಡಿಸಿದಳು. ಮಗ ಅರ್ಧ ರೊಟ್ಟಿ ತಿಂದು ಎದ್ದ. ಆವತ್ತಿನಿಂದ ಬೀದಿಯಲ್ಲಿ ಬೈಕು ನಿಂತ ಸಪ್ಪಳವಾದರೆ ಅವಳು ಹಿಟ್ಟಿನ ಕೈಯಲ್ಲೇ ಎದ್ದು ಇಣುಕುತ್ತಿದ್ದಳು.

ಒಂಬತ್ತನೆಯ ದಿನ ಬೆಳಿಗ್ಗೆ ಕರೆಮ್ಮ ಒಂದು ಕಿಲೊ ಸಕ್ಕರೆ, ಊದಿನ ಪುಡಿ, ಒಂದು ಹಿಡಿ ಮಲ್ಲಿಗೆ ಎದುರಿಗಿಟ್ಟಳು. "ಹನ್ನೊಂದರೊಳಗ ಹೋಗಿ ಬಾ. ಕೂಸಿನ ಹೆಸರು ತಗೊಂಡು ಬೇಡ್ಕೊ. ಭಾಗ್ಯಾನ ಹೆಸರೂ ತಗೋ."

ರೇಣುಕಮ್ಮ ಸಕ್ಕರೆಯ ಪೊಟ್ಟಣ, ಊದು, ಹೂವನ್ನು ರೊಟ್ಟಿಬುಟ್ಟಿಯ ತಳಕ್ಕಿಟ್ಟು, ಮೇಲೆ ರೊಟ್ಟಿ ಹೊಂದಿಸಿ, ಬಟ್ಟೆ ಮುಚ್ಚಿದಳು. ಕೇಳಿದವರಿಗೆ ಖಾನಾವಳಿಗೆ ಅನ್ನಬಹುದು. ಓಣಿ ದಾಟಿದಳು. ಹಲಗೆಯ ಸದ್ದು ಕೇಳಿಸಿತು, ಊದಿನ ವಾಸನೆ ಬಂತು. ಚಾವಡಿಯ ಕಟ್ಟೆಯ ಮೇಲೆ ಗುಲ್ಶನ್ ಬೇಗಂ ನಿಂತು ದಾರಿ ಕಾಯುತ್ತಿದ್ದುದೂ ಕಾಣಿಸಿತು. ಅಷ್ಟರಲ್ಲಿ ಎದುರಿನ ಚಹಾ ಅಂಗಡಿಯ ಮುಂದೆ ಯಾರೋ ಇಬ್ಬರು ಹುಡುಗರು. ಒಬ್ಬ ಮೊಬೈಲ್ ಎತ್ತಿದ. ದೇವರ ಫೋಟೊ ತೆಗೆಯಲಿಕ್ಕೋ, ತನ್ನದೇ ಮುಖ ನೋಡಿಕೊಳ್ಳಲಿಕ್ಕೋ, ಅವಳು ನೋಡುತ್ತ ನಿಲ್ಲಲಿಲ್ಲ. ಅಂಜಿದವನ ಮೇಲೆ ಕಪ್ಪೆ ಎಸೆದರಂತೆ. ಸೆರಗನ್ನು ಮೂಗಿನತನಕ ಎಳೆದು ಬಂದ ದಾರಿಗೆ ತಿರುಗಿದಳು. ನಾಳೆ ನನ್ನ ರೊಟ್ಟಿಯ ಮುಂದೆ ನಿಂತು ಕೇಳುತ್ತಾರೆ, ನನ್ನ ಮಗನೇ ಹಿಂದೆ ನಿಂತಿರುತ್ತಾನೆ ಎಂಬುದೊಂದೇ ತಲೆಯಲ್ಲಿತ್ತು.

ಮನೆಯ ಹೊಸ್ತಿಲಲ್ಲಿ ಅತ್ತೆ ಕೈಚಾಚಿ ಕುಳಿತಿದ್ದಳು.

"ಆತೇನವ್ವಾ?"

ಆಗಲಿಲ್ಲ ಅನ್ನುವ ಧೈರ್ಯ ರೇಣುಕಮ್ಮನಿಗೆ ಅಲ್ಲೂ ಬರಲಿಲ್ಲ. "ಆತ್ರೀ ಅತ್ತಿ," ಅಂದು, ಊದು, ಹೂವನ್ನು ಬುಟ್ಟಿಯ ತಳದಲ್ಲೇ ಬಿಟ್ಟು ಸಕ್ಕರೆಯಷ್ಟೇ ತೆಗೆದುಕೊಟ್ಟಳು.

ಮುದುಕಿ ಪೊಟ್ಟಣವನ್ನು ಕಣ್ಣಿಗೊತ್ತಿಕೊಂಡಳು. ಒಂದು ಚಿಟಿಕೆ ತನ್ನ ಬಾಯಿಗೆ, ಒಂದು ಮೊಮ್ಮಗಳ ಬಾಯಿಗೆ, ಒಂದನ್ನು ಅವಳ ಹೊಟ್ಟೆಗೆ ಸವರಿದಳು. ಭಾಗ್ಯಜ್ಯೋತಿ ಆವತ್ತು ಎಷ್ಟೋ ದಿನಗಳ ಮೇಲೆ ಎರಡು ರೊಟ್ಟಿ ಉಂಡಳು. ರೇಣುಕಮ್ಮ ನೋಡುತ್ತಾ ನಿಂತಳು. ಮಗನ ಮಾತನ್ನೇ ಊರುಗೋಲು ಮಾಡಿಕೊಂಡಳು: ಅವನು ಓದಿದವನು, ಅದರಲ್ಲಿ ಏನೂ ಇಲ್ಲ ಅಂದಿದ್ದಾನೆ; ಇಲ್ಲದ್ದು ಏನು ಮಾಡೀತು? ಹಿಟ್ಟು ನಾದುವಾಗ, ನೀರು ತುಂಬುವಾಗ ಇದನ್ನೇ ಹೇಳಿಕೊಂಡಳು. ಗುಲ್ಶನ್ ಬೇಗಂ ಎದುರಾದರೆ ಮುಖ ತಪ್ಪಿಸಿದಳು.

ಹಬ್ಬ ಮುಗಿದು ನಾಲ್ಕನೆಯ ದಿನ ಬೆಳಿಗ್ಗೆ ಭಾಗ್ಯಜ್ಯೋತಿಗೆ ನೋವು ಶುರುವಾಯಿತು. ಇನ್ನೂ ಮೂರು ವಾರ ಇತ್ತು. ಆಟೊದಲ್ಲಿ ಆಸ್ಪತ್ರೆಗೆ ಒಯ್ಯುವಾಗ ಕರೆಮ್ಮ ಸಕ್ಕರೆಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಸೊಸೆಯ ಕೈಗಿತ್ತಳು. "ಇದು ಕೂಡ ಇರ್ಲಿ. ಓದಿಸಿದ್ದು. ಏನೂ ಆಗಾಂಗಿಲ್ಲ."

ಹತ್ತು ಗಂಟೆಗೆ ಡಾಕ್ಟರು ಹೊರಗೆ ಬಂದರು. ಕೂಸಿನ ಎದೆಬಡಿತ ಇಳಿಯುತ್ತಿದೆ, ಈಗಲೇ ಆಪರೇಷನ್ ಆಗಬೇಕು, ರಕ್ತ ಬೇಕಾಗಬಹುದು. ಅಳಿಯ ಪ್ರಭುರಾಜ ಮಾನ್ವಿಯಿಂದ ಇನ್ನೂ ಬಸ್ಸಿನಲ್ಲಿದ್ದ. ಪರಮಣ್ಣ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ. ಹನುಮೇಶ ರಕ್ತ ಕೊಟ್ಟು, ತೋಳಿಗೆ ಹತ್ತಿ ಅಂಟಿಸಿಕೊಂಡು ಬಂದು ತಾಯಿಯ ಪಕ್ಕ ಬೆಂಚಿನ ಮೇಲೆ ಕುಳಿತ. ಮೊಬೈಲ್ ಎರಡು ಸಲ ರಿಂಗಾಯಿತು, ಎತ್ತಲಿಲ್ಲ. ಹುಡುಗನ ತುಟಿ ಬೆಳ್ಳಗಾಗಿತ್ತು.

"ಯವ್ವಾ."

"ಏನಪಾ."

ಅವನು ಆಚೆ ಈಚೆ ನೋಡಿದ. ಕಾರಿಡಾರಿನಲ್ಲಿ ಅಪ್ಪನ ಹೊರತು ಯಾರೂ ಇರಲಿಲ್ಲ. ಆದರೂ ದನಿ ತಗ್ಗಿಸಿದ.

"ಸಕ್ರಿ ಓದಿಸಿದ್ಯಲ್ಲ?"

ರೇಣುಕಮ್ಮ ಮಡಿಲ ಗಂಟಿನ ಮೇಲೆ ಸೆರಗು ಎಳೆದಳು. "ಯಾವ ಸಕ್ರಿ?"

"ನನಗ ಗೊತ್ತದ ಬಿಡು ಯವ್ವಾ. ಆಯಿ ನಿನಗ ಹೇಳಿದ್ದು ಕೇಳಿಸ್ಕೊಂಡಿದ್ದೆ. ಅದಕ್ಕ ಒಂಬತ್ತನೇ ದಿನ ಹುಡುಗರ್ನೆಲ್ಲ ಊರ ಹೊರಗ, ಕಲ್ಮಲದ ಕಡಿ ಕರ್ಕೊಂಡು ಹೋಗಿದ್ದೆ, ಮಧ್ಯಾಹ್ನತನಕ ಬಿಡಲಿಲ್ಲ. ನೀ ಆರಾಮ ಹೋಗಿ ಬರ್ಲಿ ಅಂತ." ಅವನು ಅವಳ ಮೊಣಕೈ ಹಿಡಿದ, ಸಣ್ಣವನಿದ್ದಾಗ ಜ್ವರದಲ್ಲಿ ಹಿಡಿಯುತ್ತಿದ್ದ ಹಾಗೆ. "ನಾ ಲಾಡಿ ಹಾಕ್ಕೊಳ್ಳಾಂಗಿಲ್ಲ ಅಂದೆ. ಅದರ ಶಾಪ ಭಾಗ್ಯಾಗ ತಟ್ಟಾಂಗಿಲ್ಲಲ್ಲ? ಓದಿಸೀದಿ, ಹೌದಿಲ್ಲೋ?"

ಇಷ್ಟು ದಿನ ಅವಳು ಊರಿಕೊಂಡ ಕೋಲು ಕಣ್ಣೆದುರಿಗೇ ಮುರಿಯಿತು. ಆ ಮಾತಿನಲ್ಲಿ ಇವನಿಗೇ ನಂಬಿಕೆ ಇಲ್ಲದಿದ್ದರೆ ತಾನು ಯಾರ ಮಾತು ಹಿಡಿದು ಕುಳಿತಿದ್ದಳು? ಬಾಯಿ ಬಿಟ್ಟರೆ ಹುಡುಗ ಇಲ್ಲೇ ಕುಸಿದುಬೀಳುತ್ತಾನೆ.

"ಓದಿಸೀನಿ," ಅಂದಳು. "ಅವತ್ತ ಹೋಗಿದ್ದೆ."

ಹನುಮೇಶ ಉಸಿರು ಬಿಟ್ಟ, ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದ. ಈಗ ಆ ಬೆಂಚಿನ ಮೇಲೆ ಅಂಜಿ ಕುಳಿತವಳು ಅವಳೊಬ್ಬಳೇ. ಮಡಿಲಲ್ಲಿದ್ದ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಪೀರನನ್ನು ಕರೆದಳು, ಹನುಮಪ್ಪನನ್ನು ಕರೆದಳು, ಎಲ್ಲಮ್ಮನನ್ನು ಕರೆದಳು, ಸುಳ್ಳು ಹೇಳಿದವಳು ನಾನು, ನನ್ನನ್ನು ಏನಾದರೂ ಮಾಡು, ಒಳಗಿದ್ದವರನ್ನು ಬಿಡು ಅಂದಳು. ಯಾರು ಕೇಳಿಸಿಕೊಂಡರೋ ಅವಳಿಗೆ ಗೊತ್ತಾಗಲಿಲ್ಲ. ಗಡಿಯಾರದ ಮುಳ್ಳು ಸರಿಯಲೊಲ್ಲದು.

ಹನ್ನೊಂದೂವರೆಗೆ ಬಾಗಿಲು ತೆರೆಯಿತು. ನರ್ಸಮ್ಮನ ಕೈಯಲ್ಲಿ ಬಿಳಿ ಬಟ್ಟೆಯ ಸುರುಳಿ. "ಹೆಣ್ಣು ಕೂಸು. ತೂಕ ಕಡಿಮಿ ಅದ, ಎರಡು ದಿನ ಗಾಜಿನ ಪೆಟ್ಟಿಗೆಯಾಗ ಇಡ್ತೀವಿ. ತಾಯಿ ಹುಷಾರದಾಳ." ಸುರುಳಿಯೊಳಗಿಂದ ಸಣ್ಣ ಅಳು ಕೇಳಿಸಿತು. ಪರಮಣ್ಣ ಕುಳಿತಲ್ಲೇ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ.

ಮಧ್ಯಾಹ್ನ ಗುಲ್ಶನ್ ಬೇಗಂ ಫ್ಲಾಸ್ಕಿನಲ್ಲಿ ಗಂಜಿ ತಂದಳು, ತನ್ನ ಮಗನಿಗೆ ಬೇರೆ ಏನೋ ಹೇಳಿ ಬಂದಿದ್ದಳಂತೆ. ಅವಳನ್ನು ಕಂಡದ್ದೇ ಹನುಮೇಶ ತಾಯಿಯ ಮಡಿಲಿನಿಂದ ಗಂಟು ತೆಗೆದುಕೊಂಡು ಬಿಚ್ಚಿದ.

"ತಗೋರಿ ಖಾಲಾ, ಬಾಯಿ ಸಿಹಿ ಮಾಡ್ರಿ. ನಿಮ್ಮಲ್ಲೇ ಓದಿಸಿದ ಸಕ್ರಿ."

ಗುಲ್ಶನ್ ಬೇಗಂ ಸಕ್ಕರೆಯನ್ನು ನೋಡಿದಳು, ರೇಣುಕಮ್ಮನನ್ನು ನೋಡಿದಳು. ಒಂಬತ್ತನೆಯ ದಿನ ಬಿಸಿಲಿನಲ್ಲಿ ಕಟ್ಟೆಯ ಮೇಲೆ ನಿಂತು ಕಾದವಳು ಅವಳು.

"ಹೌದು ಬೇಟಾ," ಅಂದಳು ನಿಧಾನಕ್ಕೆ. "ನಾನ ನಿಂತು ಓದಿಸಿ ಕೊಟ್ಟಿದ್ದೆ." ಅಂಗೈಯೊಡ್ಡಿ ತೆಗೆದುಕೊಂಡು, ಸೆರಗು ತಲೆಗೆಳೆದು, ತಿಂದಳು.

ಹನುಮೇಶ ಒಂದು ಚಿಟಿಕೆ ಎತ್ತಿದ. ಕಣ್ಣಿಗೊತ್ತಿಕೊಂಡ, ಎಡಗಣ್ಣು, ಬಲಗಣ್ಣು. ತುಟಿ ಅಲ್ಲಾಡಿಸಿ ಏನೋ ಅಂದುಕೊಂಡು ಬಾಯಿಗೆ ಹಾಕಿಕೊಂಡ. ಕಿರಾಣಿ ಅಂಗಡಿಯ ಬರೀ ಸಕ್ಕರೆ ಅದು. ರೇಣುಕಮ್ಮನಿಗೆ ಅಳು ಬಂತು. ಖುಷಿಗೆ ಅಂತ ಅವರೆಲ್ಲ ತಿಳಿದುಕೊಂಡರು.

ಕೆಳಗೆ ಗೇಟಿನ ಹತ್ತಿರ ಬೈಕಿನ ಹಾರ್ನು, ಒಂದಲ್ಲ, ಮೂರು ಸಲ. ಗೆಳೆಯರು ಬಂದಿದ್ದರು. ಹನುಮೇಶ ಥಟ್ಟನೆ ಎದ್ದು ಗಂಟನ್ನು ತಾಯಿಯ ಕೈಗೆ ತುರುಕಿದ. ಹೋಗಲು ಕಾಲೆತ್ತಿದವನು ತಿರುಗಿ ಬಂದು, ತೋಳಿನಿಂದ ಬಾಯಿ ಒರೆಸಿಕೊಂಡ. ಮತ್ತೊಮ್ಮೆ ಒರೆಸಿಕೊಂಡ. ಅವಳ ಹತ್ತಿರ ಮುಖ ತಂದ. ಬಸ್ಸಮ್ಮನ ತಕ್ಕಡಿಯಂತೆಯೇ ಅವನ ಗದ್ದ ನಡುಗುತ್ತಿತ್ತು.

"ಯವ್ವಾ, ತುಟಿಗಿ ಏನರ ಹತ್ಯಾದೇನು ನೋಡು."

ಮೀಸೆಯ ಅಂಚಿನಲ್ಲಿ ಒಂದು ಕಾಳು ಅಂಟಿತ್ತು. ರೇಣುಕಮ್ಮ ಸೆರಗಿನ ತುದಿಯಿಂದ ಅದನ್ನು ಒರೆಸಿದಳು.

"ಏನಿಲ್ಲ," ಅಂದಳು. "ಹೋಗು."